ಮೊಟ್ಟೆಯೊಳಗಿನ ದನಿ

ಅತ್ತೆ,

ನೀವು ಕಾವಿಗೆ ಕೂರಿಸಿ ಹೋದ ಕೆಂಪು ಕೋಳಿ ಇವತ್ತು ಮರಿ ಮಾಡಿತು. ನೀವು ತೀರಿಕೊಂಡ ದಿನ ಮನೆ ತುಂಬಾ ಜನ, ಅಳು. ಅದು ಮಾತ್ರ ಹಿಪ್ಪುನೇರಳೆ ಸೊಪ್ಪಿನ ಆ ಹಳೇ ಮಂಕರಿ ಬಿಟ್ಟು ಏಳಲಿಲ್ಲ. ಆಮೇಲೆ ನಾನೇ ದಿನಾ ರಾಗಿ, ನೀರು ಇಟ್ಟೆ, ಕೈಗೆ ಕುಕ್ಕಿಸಿಕೊಂಡೆ.

ಬೆಳಿಗ್ಗೆ ಪಕ್ಕದ ಮನೆಯ ಅಂಬರೀನ್ ಒಂದು ಮೊಟ್ಟೆ ತೆಗೆದು ನನ್ನ ಕಿವಿಗೆ ಹಿಡಿದಳು.

"ಕೇಳಿಸ್ತಾ ಅಕ್ಕ? ಒಳಗಿಂದಾನೇ ಕೂಗ್ತಾ ಐತೆ."

ಬಿರುಕು ಕೂಡ ಬಿಡದ ಮೊಟ್ಟೆಯೊಳಗಿಂದ 'ಚಿಂವ್' ಎಂದಿತು. ಕೂಡಲೇ ಕೋಳಿ, ನಾನು ಯಾವತ್ತೂ ಕೇಳಿರದಷ್ಟು ಮೆತ್ತಗಿನ ದನಿಯಲ್ಲಿ, ಅದಕ್ಕೆ ಉತ್ತರ ಕೊಟ್ಟಿತು.

"ಮರಿಗೆ ಕೇಳಿಸುತ್ತಾ ಅಂಬರೀನ್?"

"ಕೇಳಿಸ್ದೆ ಏನಕ್ಕ! ಅಮ್ಮನ ದನಿ ಕೇಳ್ಕೊಂಡೇ ಹೊರಗೆ ಬರೋದು."

ಮೊಟ್ಟೆಯನ್ನು ವಾಪಸ್ ಇಟ್ಟು ಅಲ್ಲೇ ಕೂತೆ. ಮಧ್ಯಾಹ್ನದವರೆಗೂ ಎರಡೂ ಮಾತಾಡುತ್ತಲೇ ಇದ್ದವು. ಕೊನೆಗೆ ಚಿಪ್ಪು ಬಿರಿಯಿತು. ಒದ್ದೆ ಮರಿ ಹೊರಳಿಕೊಂಡು ಬಂದು, ಅಷ್ಟು ಹೊತ್ತು ಕರೆದವಳ ರೆಕ್ಕೆಯಡಿ ಸೇರಿತು.

ಅತ್ತೆ, ಆಸ್ಪತ್ರೆಯಲ್ಲಿ ನೀವು ಎಚ್ಚರವಿಲ್ಲದೆ ಮಲಗಿದ್ದಾಗ ನರ್ಸ್ ಎರಡು ಸಲ ಹೇಳಿದ್ದಳು: "ಏನಾದ್ರೂ ಮಾತಾಡ್ಸಮ್ಮ, ಅವ್ರಿಗೆ ಕೇಳ್ಸುತ್ತೆ."

ನಾನು ಬರೀ ನಿಮ್ಮ ಹೊದಿಕೆ ಸರಿ ಮಾಡುತ್ತಾ ಕೂತಿದ್ದೆ.