ಆರು ಬೆರಳು ಮೇಲಕ್ಕೆ ಹೊಲಿದ ಲಂಗ

ನೀಲಾ,

ಆಲೂರಿನಲ್ಲಿ ಚಿಕ್ಕಮ್ಮನಿಗೆ ಹೆರಿಗೆ ನೋವು ಶುರುವಾಗಿದೆಯಂತೆ. ಮೊದಲ ಬಸ್ಸಿಗೆ ಹೊರಟಿದ್ದೇನೆ. ಉಗ್ಗಾಣಿ ಮುಚ್ಚಿಟ್ಟಿದ್ದೇನೆ, ಈಗ ಅರ್ಧ ತಿನ್ನು, ಉಳಿದದ್ದು ಓಟ ಮುಗಿದ ಮೇಲೆ.

ಇವತ್ತು ಓಡುವುದೇ ಇಲ್ಲ ಎಂದು ಹಟ ಹಿಡಿದಿದ್ದೀಯಲ್ಲ, ಒಂದು ಮಾತು ಕೇಳು. ಹೋದ ವರ್ಷ ಕರ್ನೂಲಿನ ಓಟದಲ್ಲಿ ಬಿದ್ದದ್ದು ನಿನ್ನ ಕಾಲಿನ ತಪ್ಪಲ್ಲ. ನಾಲ್ಕು ಜನ ನೋಡುತ್ತಾರೆ, ಪಾದ ಮುಚ್ಚಲಿ ಎಂದು ನಿನ್ನ ಅಜ್ಜಿ ಹೇಳಿದರು. ಹಿಂದಿನ ದಿನವೇ ನಾನು ಲಂಗದ ಮಡಿಕೆ ಬಿಚ್ಚಿ ಉದ್ದ ಮಾಡಿದೆ. ಆ ಅಂಚನ್ನೇ ತುಳಿದು ನೀನು ಬಿದ್ದೆ. ವರ್ಷವಿಡೀ ನೀನು ನಿನ್ನನ್ನೇ ಬೈದುಕೊಂಡೆ; ನಾನು ಬಾಯಿ ಬಿಡಲಿಲ್ಲ.

ಈಗ ಆ ಲಂಗವನ್ನು ನಾಲ್ಕು ಬೆರಳು ಮೇಲಕ್ಕೆ ಹೊಲಿದೆ. ಅಜ್ಜಿ ನೋಡಿ ಏನೆಂದರು ಗೊತ್ತೆ? "ಇಷ್ಟು ಸಾಲಂಗಿಲ್ಲ. ಹತ್ತಿ ಬಿಡಿಸಾಕ ಹೋದಾಗ ನಾವೆಲ್ಲ ಸೀರಿ ಕಚ್ಚಿ ಹಾಕ್ಕೊಂಡು ಬದು ಹಾರತಿದ್ವಿ. ಇನ್ನೆರಡು ಬೆರಳು ಏರಸು ಬೇ!"

ಏರಿಸಿದ್ದೇನೆ. ಲಂಗ ಗೂಟದಲ್ಲಿದೆ.

ಕಾಲು ಕಾಣುತ್ತದೆ ಎಂದು ಮೈದಾನದಲ್ಲಿ ಯಾರಾದರೂ ಆಡಿಕೊಂಡರೆ ತಿರುಗಿ ನೋಡದೆ ಓಡು. ಅವರಿಗೆ ಜವಾಬು ಕೊಡಲೆಂದೇ ಅಜ್ಜಿ ಆಗಲೇ ಇಳಕಲ್ ಸೀರೆ ಉಟ್ಟು, ಕೊಡೆ ಹಿಡಿದು, ನಿನಗಾಗಿ ಮನೆ ಮುಂದಿನ ಕಟ್ಟೆಯ ಮೇಲೆ ಕಾಯುತ್ತಿದ್ದಾರೆ.

ಅವ್ವ