ಕೆಂಪಾಗಿ ಉಳಿದ ಲಿಂಕ್

ಗೆಳತೀ,

ಇವತ್ತು ನೀನು ಬರೆದ ಪುಟ ಕೈತಪ್ಪಿಯೇ ಹೋಗುತ್ತಿತ್ತು ಕಣೇ. ನಾವಿಬ್ಬರೂ ಸೇರಿ ದುಡಿದ ಓಪನ್ ಸೋರ್ಸ್ ತಂತ್ರಾಂಶದ ಹೊಸ ಆವೃತ್ತಿ ಸಂಜೆಯೊಳಗೆ ಹೊರಬೀಳಬೇಕಿತ್ತು. ಕೈಪಿಡಿಯಲ್ಲಿ ಕೆಟ್ಟುಹೋದ ಲಿಂಕುಗಳನ್ನು ಸರಿಪಡಿಸುವ ಕೆಲಸ ನನ್ನದು. ಎಲ್ಲ ಮುಗಿದರೂ ತಪಾಸಣೆಯ ಪಟ್ಟಿಯಲ್ಲಿ ನಿನ್ನ ಪುಟದ್ದೊಂದೇ ಕೆಂಪಾಗಿ ಉಳಿಯಿತು. ನಿನ್ನ ವೆಬ್‌ಸೈಟೇ ಮುಚ್ಚಿಹೋಗಿದೆ.

"ಕಿತ್ತಾಕಿ ಅಕ್ಕಾ, ಎಲ್ರೂ ಕಾಯ್ತಿದಾರೆ," ಎಂದಳು ತಂಡದ ಮುಖ್ಯಸ್ಥೆ ಫೋನಿನಲ್ಲಿ.

"ಅದಿಲ್ದೆ ಹೊಸಬರಿಗೆ ತಲೆಬುಡ ತಿಳಿಯಲ್ಲ. ಸ್ವಲ್ಪ ತಡಿಯಮ್ಮ."

"ಹಾಗಾದ್ರೆ ಬರೆದವ್ರನ್ನ ಕೇಳಿ, ನಮ್ಮಲ್ಲೇ ಹಾಕ್ಕೊಳ್ಳೋಣ. ಒಂದು ಮೆಸೇಜ್ ತಾನೇ? ನಿಮ್ಮ ಫ್ರೆಂಡ್ ಅಲ್ವಾ ಅವ್ರು?"

ನಾವು ಮಾತು ಬಿಟ್ಟದ್ದು ಅವಳಿಗೆ ಗೊತ್ತಿಲ್ಲ. ಹೂಂ ಎಂದು ಫೋನ್ ಇಟ್ಟೆ. ಹಳೆಯ ವೆಬ್ ಪುಟಗಳ ಪ್ರತಿ ಕಾಪಿಡುವ ತಾಣವೊಂದರಲ್ಲಿ ಹುಡುಕಿದೆ. ಸಿಕ್ಕಿತು. ಆ ಪ್ರತಿಗೆ ಲಿಂಕ್ ಕೊಡಲು ಯಾರನ್ನೂ ಕೇಳಬೇಕಿಲ್ಲ. ಕೊಟ್ಟೆ, ಕೆಂಪು ಹೋಗಿ ಹಸಿರು ಬಂತು.

ಪುಟದ ಕೊನೆಯಲ್ಲಿ "ಎಲ್ಲಾದರೂ ತಪ್ಪು ಕಂಡರೆ ನನಗೆ ಬರೆಯಿರಿ" ಎಂಬ ನಿನ್ನ ಸಾಲು, ಅದರ ಪಕ್ಕ ನಿನ್ನ ಇಮೇಲ್ ವಿಳಾಸದ ಲಿಂಕ್ ಹಾಗೆಯೇ ಇವೆ. ಪ್ರತಿ ಲಿಂಕನ್ನೂ ಒತ್ತಿ ನೋಡಿಯೇ ಮುಂದೆ ಹೋಗುವವಳು ನಾನು. ಅದೊಂದನ್ನು ಮಾತ್ರ ಒತ್ತಲಿಲ್ಲ.