ಕೀಲಿನ ಉರಿ

ಭಾವನವರಿಗೆ ನಮಸ್ಕಾರ.

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮ ತಂಗಿಯ ಎದೆಯ ಗಡ್ಡೆ ತೆಗೆಸಿದಾಗ ಪೀಡೆ ಕಳೆಯಿತೆಂದುಕೊಂಡಿದ್ದೆವು. ನಿನ್ನೆ ಡಾಕ್ಟರು ಹೊಸ ಸ್ಕ್ಯಾನ್ ನೋಡಿ, ಕ್ಯಾನ್ಸರ್ ಶ್ವಾಸಕೋಶಕ್ಕೂ ಹರಡಿದೆ ಎಂದರು. ಆಮೇಲೆ ಅವಳ ಊದಿದ ಬೆರಳ ಗಂಟುಗಳನ್ನು ಮುಟ್ಟಿ ನೋಡಿದರು.

"ಈ ಸಂಧಿವಾತ ಎಷ್ಟು ವರ್ಷದಿಂದ ಇದೆ?" ಎಂದು ಕೇಳಿದರು. ಮದುವೆಯಾದಾಗಿನಿಂದ ಎಂದೆ.

"ಆ ಉರಿಯೂತ ಕೀಲಲ್ಲೇ ನಿಲ್ಲಲ್ಲ, ಕೆಲವರಿಗೆ ಶ್ವಾಸಕೋಶಾನೂ ಒಳಗೊಳಗೇ ಕೆರಳಿಸುತ್ತೆ. ಅಂಥ ಜಾಗದಲ್ಲಿ ಅಲೆದು ಬಂದ ಕ್ಯಾನ್ಸರ್ ಕಣ ಸುಲಭವಾಗಿ ಬೇರು ಬಿಡಬಹುದು. ಇವರಿಗೂ ಹಾಗೇ ಆಯ್ತು ಅಂತ ಖಂಡಿತ ಹೇಳೋಕಾಗಲ್ಲ."

ಎಣ್ಣೆ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು, ಆ ನೋವನ್ನು ಮನೆಯವರಲ್ಲಿ ಒಬ್ಬರಂತೆ ಸಾಕಿದ್ದೆವಲ್ಲ ಭಾವ! ಅವಳು ತನ್ನ ಬೆರಳುಗಳನ್ನೇ ನೋಡುತ್ತಾ, "ಒಳಗಿದ್ದ ಕಳ್ಳನೇ ಬಾಗಿಲು ತೆಗೆದನಾ ಡಾಕ್ಟ್ರೇ?" ಎಂದಳು. ಭಾವ, ನಿಮ್ಮ ಮಂಡಿಯ ಊತವನ್ನೂ ಒಮ್ಮೆ ಡಾಕ್ಟರಿಗೆ ತೋರಿಸಿಬಿಡಿ, ಹೇಗೋ ನಡೆಯುತ್ತದೆ ಎನ್ನಬೇಡಿ.

ಅವಳ ಬೆರಳು ಮಡಚುವುದಿಲ್ಲವೆಂದು ದಿನಾ ತಲೆ ಬಾಚಿ ಜಡೆ ಹೆಣೆಯುವವನು ನಾನೇ. ಮುಂದಿನ ವಾರ ಕೀಮೋ ಚಿಕಿತ್ಸೆ ಶುರು. "ಕೂದಲು ಉದುರೋದನ್ನ ನೋಡಕ್ಕಾಗಲ್ಲ ಕಣ್ರೀ, ನೀವೇ ಕತ್ತರಿಸಿಬಿಡಿ," ಎಂದಳು. ಊರವರಿಗೆಲ್ಲ ಕ್ಷೌರ ಮಾಡುವ ನನಗೆ ಇವತ್ತು ಕತ್ತರಿ ಎತ್ತಲಾಗಲಿಲ್ಲ. ಅದನ್ನು ಹಿಡಿಯಲು ಕಲಿಸಿದವರು ನೀವು. ದಯವಿಟ್ಟು ಭಾನುವಾರ ಅಂಗಡಿ ಮುಚ್ಚಿ ಬಂದು ಈ ಕೆಲಸ ಮಾಡಿಕೊಡಿ. ಅವಳ ಊದಿದ ಕೈಯನ್ನು ನೋಯದಂತೆ ಹಿಡಿದು ನಾನು ಪಕ್ಕದಲ್ಲಿ ಕೂತಿರುತ್ತೇನೆ.

ಇಂತಿ,
ನಿಮ್ಮ ಕೈಯಲ್ಲಿ ಪಳಗಿದ ಶಿಷ್ಯ